ಇನ್ನೊಂದ್ಸಲ ಹೇಳು

ಚಿಕ್ಕ ಗುಂಪು ಅಂದ ಕೂಡಲೇ ಎಲ್ಲರೂ ಹೇಳುವುದು ಹೊಂದಾಣಿಕೆಯ ಮಾತು. "ನಾವು ನಾಲ್ಕು ಜನ ಒಂದೇ ಮನೆಯವರ ಥರ ಇದ್ದೀವಿ" ಅಂತ ಹೇಳಿಕೊಳ್ಳೋಕೆ ಯಾರಿಗಿಷ್ಟ ಇಲ್ಲ? ನನ್ನ ದುಡಿಮೆ ಪೂರ್ತಿ ಚಿತ್ರದುರ್ಗ, ದಾವಣಗೆರೆ ಸುತ್ತಮುತ್ತಲ ಇಂಥ ನಾಲ್ಕೈದು ಜನರ ಗುಂಪುಗಳಲ್ಲೇ ನಡೆದಿದೆ. ಸರ್ವೆ, ಎಸ್ಟಿಮೇಟು, ಸೈಟು. ನಡುವೆ ಒಂದಷ್ಟು ಕಾಲ ದೊಡ್ಡಮ್ಮನ ಊರಿನ ಮಹಿಳಾ ಸಂಘದ ಓಡಾಟ. ಕೆಲವು ಗುಂಪು ಚೆನ್ನಾಗಿ ನಡೆದವು. ಕೆಲವು ಮುರಿದುಬಿದ್ದವು. ಮುರಿದುಬಿದ್ದವುಗಳಲ್ಲಿ ಪ್ರೀತಿ ಕಡಿಮೆ ಇತ್ತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅಲ್ಲಿ ಇರದಿದ್ದದ್ದು ಬೇರೆಯದೇ: ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಿರುಗಿ ನೋಡುವ ರೂಢಿ.

ಈ ರೂಢಿಯನ್ನು ಮೊದಲು ಕಂಡಿದ್ದು ಸಿವಿಲ್ ಓದುವಾಗ, ಸರ್ವೆ ಕ್ಯಾಂಪಿನಲ್ಲಿ. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿನ ಹಳೇ ಕೆರೆಯನ್ನು ಅಳೆದು, ಅದನ್ನು ಸರಿಮಾಡೋಕೆ ಏನೇನು ಬೇಕು ಅಂತ ಲೆಕ್ಕ ಹಾಕುವುದು ನಮ್ಮ ಕೆಲಸ. ಸರ್ಕಾರಿ ಶಾಲೆಯ ಕೋಣೆಯಲ್ಲಿ ವಾಸ. ನಮ್ಮ ಗುಂಪಿನಲ್ಲಿ ಐದು ಜನ. ಜಗಳೂರಿನವನೊಬ್ಬ, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಯವನೊಬ್ಬ, ದಾವಣಗೆರೆ ಪೇಟೆಯವನೊಬ್ಬ, ಹರಪನಹಳ್ಳಿ ಕಡೆಯ ಹುಡುಗಿ, ಮತ್ತೆ ನಾನು. ಕ್ಯಾಂಪಿಗೆ ಮೊದಲು ನಾವೇನೂ ಸ್ನೇಹಿತರಲ್ಲ. ಹಾಜರಿ ಪುಸ್ತಕದ ನಂಬರಿನ ಪ್ರಕಾರ ಸೇರಿಸಿದ ಗುಂಪು ಅದು.

ಕೆರೆ ಅಂದರೆ ನೀರಿರಲಿಲ್ಲ. ಅಂಗಳದ ತುಂಬ ಬಳ್ಳಾರಿ ಜಾಲಿ. ಏರಿಯ ಮೇಲೆ ನಿಂತರೆ ಗಾಳಿ ಮೈಯನ್ನೇ ತಳ್ಳಿಕೊಂಡು ಹೋಗುವಂತೆ ಬೀಸುತ್ತಿತ್ತು. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ನೋಡಿದವರಿಗೆ ಚಿತ್ರದುರ್ಗದ ಗಾಳಿಯ ಬಗ್ಗೆ ಹೇಳಬೇಕಾಗಿಲ್ಲ.

ಲೆವೆಲಿಂಗ್, ಅಂದರೆ ನೆಲದ ಎತ್ತರ-ತಗ್ಗು ಅಳೆಯುವ ಕೆಲಸ, ಗೊತ್ತಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೆವೆಲ್ ಉಪಕರಣ. ಅದರ ದುರ್ಬೀನಿನಲ್ಲಿ ಒಬ್ಬರು ನೋಡುತ್ತಾರೆ. ದೂರದಲ್ಲಿ ಇನ್ನೊಬ್ಬರು 4 ಮೀಟರಿನ ಸ್ಟಾಫ್, ಅಂದರೆ ಅಂಕಿ ಬರೆದ ಅಳತೆಕೋಲು, ಹಿಡಿದು ನಿಲ್ಲುತ್ತಾರೆ. ದುರ್ಬೀನಿನ ಅಡ್ಡಗೆರೆ ಸ್ಟಾಫಿನ ಯಾವ ಅಂಕಿಯ ಮೇಲೆ ಬೀಳುತ್ತದೋ ಅದೇ ರೀಡಿಂಗ್. ಸ್ಟಾಫ್ ನೆಟ್ಟಗಿದೆಯೋ ಇಲ್ಲವೋ ಅಂತ ಸಂಶಯ ಬಂದರೆ ಹಿಡಿದವರು ಅದನ್ನು ನಿಧಾನವಾಗಿ ಹಿಂದೆ ಮುಂದೆ ಬಾಗಿಸಬೇಕು. ಆಗ ಕಾಣುವ ಎಲ್ಲಕ್ಕಿಂತ ಕಡಿಮೆ ಅಂಕಿಯೇ ಸರಿಯಾದದ್ದು. ಮೂರನೆಯವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಊರ ದೇವಸ್ಥಾನದ ಕಟ್ಟೆಯ ಕಲ್ಲಿನ ಮೇಲೆ ಬಣ್ಣದಲ್ಲಿ ಗುರುತು ಮಾಡಿ, ಅದನ್ನೇ ನಮ್ಮ ಬೆಂಚ್‌ಮಾರ್ಕ್ ಮಾಡಿಕೊಂಡಿದ್ದೆವು. ಅಲ್ಲಿಂದ ಹೊರಟು ಏರಿ, ತೂಬು, ಕೋಡಿ, ಕೆರೆ ಅಂಗಳ ಎಲ್ಲ ಸುತ್ತಿ ಮತ್ತೆ ಅದೇ ಕಲ್ಲಿಗೆ ಬಂದು ಮುಗಿಸಬೇಕು. ಸಾಮಾನ್ಯ ಲೆವೆಲಿಂಗಿನಲ್ಲಿ ಒಂದು ಕಿಲೋಮೀಟರ್ ಸುತ್ತಿ ಬಂದರೆ ಸುಮಾರು 25 ಮಿಲಿಮೀಟರ್ ವ್ಯತ್ಯಾಸ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ಮತ್ತೆ ಮೊದಲಿನಿಂದ.

ನಮ್ಮದು ಹಳೇ ಡಂಪಿ ಲೆವೆಲ್. ಅದರಲ್ಲಿ ಸ್ಟಾಫ್ ತಲೆಕೆಳಗಾಗಿ ಕಾಣುತ್ತದೆ. 6 ಮತ್ತು 9ರ ನಡುವೆ ಕಣ್ಣು ತಡವರಿಸುತ್ತದೆ. ಗಾಳಿ ಬೇರೆ. ಹರಪನಹಳ್ಳಿಯವಳು ಪುಸ್ತಕ ಬರೆಯುತ್ತಿದ್ದಳು. ಜಗಳೂರಿನವನು ದುರ್ಬೀನಿಗೆ ಕಣ್ಣಿಟ್ಟು ಕೂಗುತ್ತಿದ್ದ. ಮೊದಲ ದಿನ ಬೆಳಿಗ್ಗೆಯೇ ಅವಳೊಂದು ಪದ್ಧತಿ ಮಾಡಿದಳು. ಅವನು ಕೂಗಿದ ಅಂಕಿಯನ್ನು ಅವಳು ತಿರುಗಿ ಕೂಗಿ ಹೇಳುವುದು. ಅವನು "ಹ್ಞೂಂ" ಅಂದಮೇಲೇ ಬರೆಯುವುದು.

"1.485."

"ಇನ್ನೊಂದ್ಸಲ ಹೇಳೋ."

"ಒಂದು, ನಾಲ್ಕು, ಎಂಟು, ಐದು."

"ಒಂದು, ನಾಲ್ಕು, ಎಂಟು, ಐದು. ಬರಿಲಾ?"

"ಹ್ಞೂಂ ಬರಿ."

ಎಂಬತ್ತು, ತೊಂಬತ್ತು ಎರಡೂ ಆ ಗಾಳಿಯಲ್ಲಿ ಒಂದೇ ಥರ ಕೇಳುತ್ತಿದ್ದವು. ಅದಕ್ಕೇ ಒಂದೊಂದೇ ಅಂಕಿ ಬಿಡಿಬಿಡಿಯಾಗಿ ಹೇಳುವುದು. ಜಗಳೂರಿನವನಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. "ನಾನೇನು ಕುರುಡನಾ?" ಅಂತ ಒಂದು ಸಲ ಕೇಳಿಯೇ ಬಿಟ್ಟ. ಅವಳು ತಲೆ ಎತ್ತದೆ, "ನೀನಲ್ಲ ಮಾರಾಯ, ನನಗೇ ಸರಿಯಾಗಿ ಕೇಳ್ಸಿಲ್ಲ" ಅಂದಳು. ಅಷ್ಟಕ್ಕೇ ಅವನು ತಣ್ಣಗಾದ. ಸಂಜೆಯ ಹೊತ್ತಿಗೆ ಅವಳು ಕೇಳದಿದ್ದರೆ ಅವನೇ "ತಿರುಗಿ ಹೇಳೇ" ಅನ್ನುತ್ತಿದ್ದ.

ಇದು ಯಾಕೆ ಅಷ್ಟು ಮುಖ್ಯ ಅಂತ ನನಗೆ ಗೊತ್ತಾಗಿದ್ದು ರಾತ್ರಿ ಲೆಕ್ಕಕ್ಕೆ ಕೂತಾಗ. ಉಪಕರಣವನ್ನು ಒಂದು ಕಡೆ ನಿಲ್ಲಿಸಿದ ಮೇಲೆ ಮೊದಲು ಓದುವ ಅಂಕಿ ಬ್ಯಾಕ್ ಸೈಟು, ಅಲ್ಲಿಂದ ಎತ್ತುವ ಮುಂಚೆ ಕೊನೆಗೆ ಓದುವುದು ಫೋರ್ ಸೈಟು, ನಡುವೆ ಓದುವವು ಇಂಟರ್‌ಮೀಡಿಯೆಟ್ ಸೈಟು. ಲೆವೆಲ್ ಪುಸ್ತಕಕ್ಕೆ ಒಂದು ತಾಳೆ ಇದೆ. ಬ್ಯಾಕ್ ಸೈಟುಗಳ ಮೊತ್ತದಿಂದ ಫೋರ್ ಸೈಟುಗಳ ಮೊತ್ತ ಕಳೆದರೆ ಬರುವ ಅಂಕಿ, ಕೊನೆಯ ಜಾಗದ ಲೆವೆಲಿನಿಂದ, ಅಂದರೆ ಎತ್ತರದಿಂದ, ಮೊದಲ ಜಾಗದ ಲೆವೆಲ್ ಕಳೆದಷ್ಟೇ ಇರಬೇಕು. ಇದ್ದರೆ ನಿಟ್ಟುಸಿರು. ಆದರೆ ಆ ತಾಳೆ ಹಿಡಿಯುವುದು ಕೂಡಿ ಕಳೆಯುವಾಗ ಆದ ತಪ್ಪನ್ನು ಮಾತ್ರ. ಓದುವಾಗಲೇ ತಪ್ಪಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಬ್ಯಾಕ್ ಸೈಟು, ಫೋರ್ ಸೈಟುಗಳಲ್ಲಿ ಹಾಗೆ ತಪ್ಪಿದ್ದರೆ ಸುತ್ತಿ ಬಂದು ಕಟ್ಟೆಯ ಕಲ್ಲಿಗೆ ಸೇರಿಸುವಾಗ ಬಯಲಾಗುತ್ತದೆ. ನಡುವಿನ ಇಂಟರ್‌ಮೀಡಿಯೆಟ್ ಸೈಟುಗಳಲ್ಲಿ ತಪ್ಪಿದರೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಕೆರೆ ಅಂಗಳದ ಅಂಕಿಗಳು ಹೆಚ್ಚುಕಡಿಮೆ ಎಲ್ಲವೂ ಅಂಥವೇ. ಕೆರೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ ಅನ್ನುವ ಲೆಕ್ಕ ನಿಂತಿರುವುದೇ ಅವುಗಳ ಮೇಲೆ. ಅಲ್ಲಿ ಕಾಯುವುದಕ್ಕೆ ಇರುವುದು ಇನ್ನೊಬ್ಬ ಮನುಷ್ಯನ ಕಿವಿ, ಇನ್ನೊಬ್ಬ ಮನುಷ್ಯನ ಕಣ್ಣು. ಚಳ್ಳಕೆರೆಯವನು ಸ್ಟಾಫ್ ಹಿಡಿದು ಹಿಡಿದು ಸುಸ್ತಾದಾಗ ಜಾಗ ಬದಲಿಸಿ ತಾನೂ ದುರ್ಬೀನಿನಲ್ಲಿ ಒಮ್ಮೆ ನೋಡುತ್ತಿದ್ದ. ಅದು ಆಟದಂತೆ ಶುರುವಾಗಿ ಆಮೇಲೆ ನಿಯಮವೇ ಆಯಿತು.

ಕೋಡಿಯ ಲೆವೆಲನ್ನಂತೂ ಎಲ್ಲರೂ ಸರದಿಯ ಮೇಲೆ ಓದಿದೆವು. ಕೆರೆ ಎಷ್ಟು ತುಂಬಬಹುದು ಅಂತ ಹೇಳುವುದೇ ಕೋಡಿ. ಈ ಕಡೆಯ ಜನಕ್ಕೆ ಕೋಡಿ ಬೀಳುವುದು ಎಂಥ ಸಂಭ್ರಮ ಅಂತ ಬೇರೆಯವರಿಗೆ ಹೇಳುವುದು ಕಷ್ಟ. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಬಿದ್ದಿದ್ದು 2022ರಲ್ಲಿ. ಅಜ್ಜಂದಿರು ನೋಡಿದ್ದನ್ನು ಮೊಮ್ಮಕ್ಕಳು ನೋಡಿದರು. ನಡುವಿನವರು ಕಾದರು. ಇಂಥ ಜಿಲ್ಲೆಯಲ್ಲಿ ಕೋಡಿಯ ಅಂಕಿಯನ್ನು ಒಬ್ಬರ ಕಣ್ಣಿಗೆ ಬಿಟ್ಟು ಸುಮ್ಮನಿರೋಕೆ ಆಗುತ್ತಾ?

ರಜೆಯ ದಿನ ಕೋಟೆಗೆ ಹೋಗಿದ್ದೆವು. ಮೇಲೆ ಗೋಪಾಲಸ್ವಾಮಿ ಹೊಂಡ. ಅಲ್ಲಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ, ಹಾಗೇ ಕೆಳಕ್ಕಿಳಿದು ಸಿಹಿನೀರು ಹೊಂಡಕ್ಕೆ, ಪೇಟೆಯ ಸಂತೆ ಹೊಂಡಕ್ಕೆ. ವಾರವೆಲ್ಲ ಮಿಲಿಮೀಟರಿಗಾಗಿ ಒದ್ದಾಡಿದ್ದ ನಾವು ಅದನ್ನು ನೋಡುತ್ತ ತುಂಬ ಹೊತ್ತು ಅಲ್ಲೇ ಕೂತಿದ್ದೆವು. ಪ್ರವಾಸಿಗರು ಬಂದು ಒನಕೆ ಓಬವ್ವನ ಕಿಂಡಿ ನೋಡಿ ಇಳಿದು ಹೋಗುತ್ತಾರೆ. ಆ ಹೊಂಡಗಳ ಹತ್ತಿರವೂ ಸ್ವಲ್ಪ ಹೊತ್ತು ನಿಲ್ಲಬೇಕು ಅಂತ ನನ್ನ ಆಸೆ.

ಅದೇ ಓದಿನ ಕೊನೆಯ ವರ್ಷದ ಪ್ರಾಜೆಕ್ಟ್ ಗುಂಪಿನ ಕಥೆ ಬೇರೆ. ಅದರಲ್ಲಿದ್ದವರು ನಿಜವಾದ ಸ್ನೇಹಿತರು. ನಾಲ್ಕು ಜನ, ನಾಲ್ಕು ಅಧ್ಯಾಯ. ಹಂಚಿಕೊಂಡೆವು, ಅವರವರ ಮನೆಯಲ್ಲಿ ಅವರವರು ಬರೆದೆವು, ಕೊನೆಗೆ ಸೇರಿಸಿ ಬೈಂಡ್ ಮಾಡಿಸಿದೆವು. ಒಬ್ಬರದನ್ನು ಇನ್ನೊಬ್ಬರು ಓದಲೇ ಇಲ್ಲ. ಅದನ್ನು ಗುಂಪಿನ ಕೆಲಸ ಅಂತ ಕರೆಯೋಕೆ ನನಗೆ ಈಗ ಮನಸ್ಸು ಬರುವುದಿಲ್ಲ. ಹೆಚ್ಚು ಹೇಳುವಂಥದ್ದೂ ಅಲ್ಲಿ ಏನಿಲ್ಲ.

ದೊಡ್ಡಮ್ಮನ ಊರು ಚಳ್ಳಕೆರೆ ತಾಲ್ಲೂಕು. ಅಲ್ಲಿನ ಹೆಂಗಸರ ಸಂಘಕ್ಕೆ ಬ್ಯಾಂಕಿನ ಕಾಗದಪತ್ರ ತುಂಬಿಕೊಡೋಕೆ ನಾನು ಆಗಾಗ ಹೋಗುತ್ತಿದ್ದೆ. ಸ್ವಸಹಾಯ ಸಂಘಗಳ ವಿಷಯದಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವ ಇದೆ. ಮೈರಾಡ ಸಂಸ್ಥೆ 1980ರ ದಶಕದಲ್ಲೇ ಇಂಥ ಚಿಕ್ಕ ಗುಂಪುಗಳನ್ನು ಬೆಳೆಸಿತು. ಗ್ರಾಮೀಣ ಅಭಿವೃದ್ಧಿ ಬ್ಯಾಂಕಾದ ನಬಾರ್ಡ್ 1992ರಲ್ಲಿ ಇವುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಶುರುಮಾಡಿತು. 2000ದಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಒಂದು ಸಂಘದಲ್ಲಿ 10ರಿಂದ 20 ಜನ. ಹಳೇ ಕಂಪನಿ ಕಾಯ್ದೆಯಲ್ಲಿ 20ಕ್ಕಿಂತ ಜಾಸ್ತಿ ಜನ ಸೇರಿ ವ್ಯವಹಾರ ಮಾಡಿದರೆ ನೋಂದಣಿ ಆಗಬೇಕಿತ್ತು. ಆ ಮಿತಿ ಅಲ್ಲಿಂದ ಬಂದದ್ದು. ಪಂಚಸೂತ್ರ ಅಂತ ಇವರಿಗೆ ಐದು ನಿಯಮ ಹೇಳಿಕೊಡುತ್ತಾರೆ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೇ ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಅಂದಂದಿನ ಲೆಕ್ಕ ಅಂದಂದೇ ಪುಸ್ತಕದಲ್ಲಿ. ಐದನೆಯದರಲ್ಲೇ ಉಳಿದ ನಾಲ್ಕೂ ಇವೆ ಅಂತ ನನ್ನ ಅಭಿಪ್ರಾಯ.

ಸಭೆ ನಡೆಯುತ್ತಿದ್ದುದು ಸಂಜೆ, ಕೆಲಸದಿಂದ ಬಂದು ಮುಖ ತೊಳೆದುಕೊಂಡ ಮೇಲೆ. ಶೇಂಗಾ ಕೀಳುವ ಕಾಲವಾದರೆ ಸೆರಗಿನಲ್ಲಿ ಇನ್ನೂ ಮಣ್ಣು ಇರುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆಯೊಬ್ಬಳು ಪುಸ್ತಕ ಬರೆಯುವವಳು. ಅವಳು ಪ್ರತಿಯೊಬ್ಬರ ಹೆಸರು ಹಿಡಿದು, ಹಿಂದಿನ ಬಾಕಿ ಎಷ್ಟು, ಇವತ್ತು ಕಟ್ಟಿದ್ದೆಷ್ಟು, ಬಡ್ಡಿ ಎಷ್ಟು ಅಂತ ಗಟ್ಟಿಯಾಗಿ ಓದಬೇಕು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಓದು ಬರದ ಹೆಂಗಸರು ಕಿವಿಯಲ್ಲೇ ಲೆಕ್ಕ ಇಟ್ಟಿರುತ್ತಿದ್ದರು. ಒಂದು ಸಂಜೆ ಒಬ್ಬ ಅಜ್ಜಿಯ ಸರದಿ ಬಂತು. "ಬಾಕಿ ಸಾವಿರದ ಎಂಟುನೂರು" ಅಂತ ಓದಿದಳು. ಅಜ್ಜಿ ಎಲೆಅಡಿಕೆ ಜಗಿಯುತ್ತಲೇ, "ಇಲ್ಲ ಕಣವ್ವ, ಹೋದ ಅಮಾಸೆ ಆದ್ಮೇಲೆ ಇನ್ನೂರು ಕೊಟ್ಟೀನಿ, ನೋಡು" ಅಂದರು. ಸೊಸೆ ಅಜ್ಜಿಯ ಪಾಸ್ ಪುಸ್ತಕ ತೆಗೆದು ನೋಡಿದಳು. ಅಲ್ಲಿ ಇನ್ನೂರು ಇತ್ತು. ದೊಡ್ಡ ಪುಸ್ತಕದಲ್ಲಿ ಇರಲಿಲ್ಲ. "ಹೌದಲ್ಲಜ್ಜಿ, ಇಲ್ಲಿ ಬಿಟ್ಟೋಗೈತಿ" ಅಂದು ಬರೆದು, ಮತ್ತೆ ಗಟ್ಟಿಯಾಗಿ ಓದಿ ಮುಂದಿನ ಹೆಸರಿಗೆ ಹೋದಳು.

ಅಷ್ಟೇ. ಯಾರೂ ಹುಬ್ಬೇರಿಸಲಿಲ್ಲ. ಯಾರೂ ಸಮಜಾಯಿಷಿ ಕೇಳಲಿಲ್ಲ. ಯಾಕೆಂದರೆ ಓದುವುದೇ ಅದಕ್ಕೋಸ್ಕರ. ಬಿಟ್ಟುಹೋದದ್ದು ಸಿಗಲಿ ಅಂತಲೇ ಓದುತ್ತಿದ್ದರು.

ಆ ಸಂಘದ ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದಕೈ ಇನ್ನೊಬ್ಬರ ಮನೆಯಲ್ಲಿ. ನಾನು ದೊಡ್ಡಮ್ಮನನ್ನು ಕೇಳಿದ್ದೆ, ಇಷ್ಟು ವರ್ಷದಿಂದ ಜೊತೆಗಿದ್ದೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ವಾ ಅಂತ. ದೊಡ್ಡಮ್ಮ ಹೇಳಿದ್ದು ಇಷ್ಟು: "ಪೆಟ್ಟಿಗೆ ಇಟ್ಕೊಂಡಾಕೆ ರಾತ್ರಿ ನೆಮ್ಮದಿಯಾಗಿ ನಿದ್ದಿ ಮಾಡ್ಬೇಕಲ್ಲಪ್ಪ. ನಾಳೆ ಹತ್ತು ರೂಪಾಯಿ ಕಮ್ಮಿ ಬಂದ್ರೆ ಯಾರೂ ಆಕಿ ಮುಖ ನೋಡಬಾರ್ದು." ಪರಿಶೀಲನೆ ಅನ್ನುವುದು ಯಾರ ಕೆಲಸವನ್ನು ನೋಡುತ್ತಾರೋ ಅವರನ್ನೇ ಕಾಪಾಡುತ್ತದೆ ಅನ್ನುವುದು ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ಆಮೇಲೆ ದಾವಣಗೆರೆಯಲ್ಲಿ ಒಂದು ಚಿಕ್ಕ ಕಚೇರಿ. ರಸ್ತೆ, ಚರಂಡಿ, ನೀರಿನ ಪೈಪಿನ ಎಸ್ಟಿಮೇಟ್ ಮಾಡಿಕೊಡುವ ಕೆಲಸ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಬಂದಮೇಲೆ ಊರಲ್ಲಿ ಇಂಥ ಕೆಲಸದ ಮಾತೇ ಮಾತು. ನಾವು ನಾಲ್ಕು ಜನ. ಶನಿವಾರ ಜೊತೆಯಾಗಿ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮಿರ್ಚಿ. ಒಬ್ಬರ ಮನೆಯ ಗೃಹಪ್ರವೇಶಕ್ಕೆ ಉಳಿದವರೆಲ್ಲ ಹಿಂದಿನ ರಾತ್ರಿಯೇ ಹೋಗಿ ಈರುಳ್ಳಿ ಹೆಚ್ಚಿದವರು. ಅಂಥ ಗುಂಪು. ಆದರೆ ಒಬ್ಬರ ಶೀಟನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ನಮ್ಮವನೇ ಮಾಡಿದ್ದಾನಲ್ವಾ, ಅದರಲ್ಲೇನು ನೋಡೋದು? ನಮ್ಮಲ್ಲಿ ಹಿರಿಯರೊಬ್ಬರಿದ್ದರು. ಕೆಲಸದಲ್ಲಿ ಗಟ್ಟಿಗರು. ಅವರ ಲೆಕ್ಕದ ಬಗ್ಗೆ ಪ್ರಶ್ನೆ ಕೇಳಿದರೆ ಮುಖ ಸಣ್ಣದಾಗುತ್ತಿತ್ತು. ಬರಬರುತ್ತ ನಾವು ಕೇಳುವುದನ್ನೇ ಬಿಟ್ಟೆವು.

ಒಂದು ಚರಂಡಿಯ ಆಳ ಅಡಿಯಲ್ಲಿ ಅಳೆದದ್ದು ಶೀಟಿನಲ್ಲಿ ಮೀಟರ್ ಆಗಿ ಕೂತು ಹೊರಗೆ ಹೋಯಿತು. ಅಗೆತದ ಪ್ರಮಾಣ ಮೂರು ಪಟ್ಟಿಗಿಂತ ಜಾಸ್ತಿ. ಅದು ವಾಪಸ್ ಬಂದ ದಿನದಿಂದ ಕಚೇರಿಯ ಗಾಳಿಯೇ ಬದಲಾಯಿತು. ಅಳತೆ ತಂದವರು ಯಾರು, ಟೈಪ್ ಮಾಡಿದವರು ಯಾರು, ಸಹಿ ಹಾಕಿದವರು ಯಾರು? ಹಿಂದಿನ ವಾರದವರೆಗೆ ಒಂದೇ ತಟ್ಟೆಯಲ್ಲಿ ಉಂಡವರು ಈಗ ಹಳೇ ಮೆಸೇಜು ಹುಡುಕಿ ತೆಗೆದು ತೋರಿಸತೊಡಗಿದರು. ವರ್ಷ ತುಂಬುವುದರೊಳಗೆ ಗುಂಪು ಚದುರಿತು. ಆ ನಾಲ್ಕು ಜನರಲ್ಲಿ ಇಬ್ಬರು ಇವತ್ತಿಗೂ ಮಾತಾಡುವುದಿಲ್ಲ. ನನಗೆ ಇದು ಇನ್ನೂ ನೋವು ಕೊಡುವ ವಿಷಯ. ಒಂದೇ ಒಂದು ಸಲ ಯಾರಾದರೂ ಪಕ್ಕದಲ್ಲಿ ಕೂತು ಆ ಶೀಟನ್ನು ಗಟ್ಟಿಯಾಗಿ ಓದಿದ್ದರೆ, "ಚರಂಡಿ ಆಳ ನಾಲ್ಕು ಮೀಟರ್" ಅನ್ನುವಾಗಲೇ ಎಲ್ಲರೂ ತಲೆ ಎತ್ತುತ್ತಿದ್ದರು.

ಆ ಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ರಿಂಗೆಲ್‌ಮನ್ ಅನ್ನುವ ಫ್ರಾನ್ಸಿನ ಕೃಷಿ ಎಂಜಿನಿಯರ್ 1913ರಲ್ಲಿ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗ ಇದೆ. 8 ಜನ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ, ಒಬ್ಬರೇ ಎಳೆದಾಗಿನ ಅರ್ಧಕ್ಕೆ ಇಳಿದಿತ್ತು. 1979ರಲ್ಲಿ ಲಟಾನೆ ಮತ್ತು ಜೊತೆಗಾರರು ಅಮೆರಿಕದಲ್ಲಿ ಚಪ್ಪಾಳೆ, ಕೂಗಾಟದಲ್ಲೂ ಇದನ್ನೇ ಕಂಡರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ಭಾಗ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1981ರಲ್ಲಿ ಅವರೇ ಇನ್ನೊಂದು ಪ್ರಯೋಗ ಮಾಡಿದರು. ಯಾರ ಕೂಗು ಎಷ್ಟು ಅಂತ ಬೇರೆಬೇರೆಯಾಗಿ ಗೊತ್ತಾಗುತ್ತದೆ ಅಂದಾಗ ಜನ ಗುಂಪಿನಲ್ಲೂ ಒಂಟಿಯಾಗಿದ್ದಾಗಿನಷ್ಟೇ ಜೋರಾಗಿ ಕೂಗಿದರು. ನನ್ನ ಪಾಲಿನದನ್ನು ಯಾರೋ ಒಬ್ಬರು ನೋಡುತ್ತಾರೆ ಅನ್ನುವುದೇ ಸಾಕಾಗಿತ್ತು.

ಸಾಲೊಮನ್ ಆಶ್ ಅವರ 1950ರ ದಶಕದ ಪ್ರಯೋಗ ನನ್ನನ್ನು ಇನ್ನೂ ಜಾಸ್ತಿ ಕಾಡಿತು. ಮೂರು ಗೆರೆಗಳಲ್ಲಿ ಯಾವುದು ಈ ಗೆರೆಯಷ್ಟು ಉದ್ದ ಅಂತ ಹೇಳಬೇಕು. ಚಿಕ್ಕ ಮಗುವೂ ಹೇಳಬಹುದು. ಆದರೆ ಗುಂಪಿನಲ್ಲಿ ಏನೂ ಗೊತ್ತಿಲ್ಲದ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬೇಕಂತಲೇ ತಪ್ಪು ಉತ್ತರ ಹೇಳಿದಾಗ, ಸುಮಾರು ಮೂರನೇ ಒಂದು ಪಾಲು ಸಲ ಆ ಒಬ್ಬರು ತಮ್ಮ ಕಣ್ಣನ್ನು ಬಿಟ್ಟು ಗುಂಪಿನ ಮಾತಿಗೆ ತಲೆಯಾಡಿಸಿದರು. ಅದಕ್ಕೆ ದೊಡ್ಡ ಗುಂಪೇನೂ ಬೇಕಾಗಲಿಲ್ಲ. ಎದುರಿಗೆ ಮೂರು ಜನ ಇದ್ದರೇ ಹೆಚ್ಚುಕಡಿಮೆ ಅಷ್ಟು ಒತ್ತಡ ಬಂದುಬಿಡುತ್ತಿತ್ತು. ನಮ್ಮ ಕಚೇರಿಯ ಮೇಜು ನೆನಪಾಯಿತು. ನಾಲ್ಕು ಜನರಲ್ಲಿ ಮೂವರು "ಸರಿ ಇದೆ" ಅಂದರೆ ನಾಲ್ಕನೆಯವರ ಗತಿ ಏನು? ಅದೇ ಪ್ರಯೋಗದಲ್ಲಿ ಇನ್ನೊಬ್ಬರೇ ಒಬ್ಬರು ಸರಿಯಾದ ಉತ್ತರ ಹೇಳಿದಾಗ ಆ ಒತ್ತಡ ತುಂಬ ಇಳಿದುಹೋಯಿತು. ಒಬ್ಬರು ಸಾಕಾಯಿತು.

ಈಗ ನನ್ನ ಜೊತೆ ಐದು ಜನ ಕೆಲಸ ಮಾಡುತ್ತಾರೆ. ಯಾವ ಎಸ್ಟಿಮೇಟೂ ಹೊರಗೆ ಹೋಗುವ ಮುಂಚೆ ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ಒಬ್ಬರು ಸೈಟಿನ ಪುಸ್ತಕ ಓದುತ್ತಾರೆ, ಇನ್ನೊಬ್ಬರು ಶೀಟ್ ನೋಡಿ ತಿರುಗಿ ಹೇಳುತ್ತಾರೆ. ಅಂಕಿ ಅಷ್ಟೇ ಅಲ್ಲ, ಅಡಿಯೋ ಮೀಟರೋ ಅದೂ ಬಾಯಲ್ಲಿ ಬರಬೇಕು. ಇದನ್ನು ಶುರುಮಾಡಿದಾಗ ಹರಿಹರದ ಹುಡುಗನೊಬ್ಬ ಬೇಜಾರಿನಲ್ಲಿ ಕೇಳಿದ, "ಸರ್, ನನ್ನ ಕೆಲಸದ ಮೇಲೆ ನಿಮಗೆ ನಂಬಿಕೆ ಇಲ್ವಾ?" ಜಗಳೂರಿನವನು ಕೇಳಿದ್ದೂ ಇದೇ, ನಾನು ದೊಡ್ಡಮ್ಮನನ್ನು ಕೇಳಿದ್ದೂ ಇದೇ. ಉತ್ತರ ಬಾಯಲ್ಲಿ ಹೇಳಿದರೆ ಯಾರಿಗೂ ಒಪ್ಪಿಗೆಯಾಗುವುದಿಲ್ಲ. ಅದಕ್ಕೇ ಅವತ್ತು ಅವನ ಶೀಟ್ ಪಕ್ಕಕ್ಕಿಟ್ಟು ನನ್ನದನ್ನು ಅವನ ಕೈಗೆ ಕೊಟ್ಟೆ. "ಮೊದಲು ಇದನ್ನ ನೋಡಪ್ಪ, ಸುಮ್ನೆ ಹ್ಞೂಂ ಅನ್ನಬೇಡ, ಒಂದೊಂದೇ ಸಾಲು ಕೇಳು" ಅಂದೆ. ಮೇಲಿನವರದ್ದು ಮೊದಲು ಮೇಜಿಗೆ ಬರಬೇಕು. ಕಿರಿಯರದ್ದನ್ನು ಮಾತ್ರ ನೋಡುತ್ತ ಹೋದರೆ ಅದು ತಪಾಸಣೆ ಆಗುತ್ತದೆ, ಜನ ಮುದುರಿಕೊಳ್ಳುತ್ತಾರೆ.

ಗುಂಪು ಚಿಕ್ಕದಿರುವುದು ಇಲ್ಲಿ ನಿಜಕ್ಕೂ ಅನುಕೂಲ. ನಾಲ್ಕು ಜನರಲ್ಲಿ ಇಬ್ಬಿಬ್ಬರ ಜೋಡಿ ಆರು ಆಗುತ್ತವೆ. ಐದು ಜನರಲ್ಲಿ ಹತ್ತು. ಹತ್ತು ಜನರಾದರೆ ನಲವತ್ತೈದು. ಆರೋ ಹತ್ತೋ ಜೋಡಿಯಾದರೆ ಎಲ್ಲರೂ ಎಲ್ಲರ ಪಕ್ಕದಲ್ಲೂ ಒಮ್ಮೆ ಕೂರಬಹುದು. ಜೋಡಿ ಬದಲಾಯಿಸುತ್ತಲೇ ಇರುತ್ತೇವೆ. ಒಂದೇ ಜೋಡಿ ಬಹಳ ದಿನ ಇದ್ದರೆ ಇಬ್ಬರ ಕಣ್ಣೂ ಒಂದೇ ಆಗಿಬಿಡುತ್ತದೆ.

ಕಷ್ಟ ಇಲ್ಲ ಅಂತಲ್ಲ. ಟೆಂಡರ್ ಸಮಯ ಹತ್ತಿರ ಬಂದಾಗ ಮೊದಲು ಬಿಟ್ಟುಹೋಗುವುದೇ ಈ ಓದುವ ಕೆಲಸ. ಹೊತ್ತಿಲ್ಲದಿದ್ದರೆ ಪ್ರಮಾಣ ದೊಡ್ಡದಿರುವ ಸಾಲುಗಳನ್ನಾದರೂ ಓದಿಯೇ ಕಳಿಸುತ್ತೇವೆ. ವಾಟ್ಸಾಪ್ ಗುಂಪು ಇನ್ನೊಂದು ತಲೆನೋವು. ಶೀಟ್ ಹಾಕಿದ ಎರಡು ನಿಮಿಷಕ್ಕೆ ಎಲ್ಲರದ್ದೂ ಹೆಬ್ಬೆರಳು ಬಂದುಬಿಡುತ್ತದೆ. ತೆರೆದು ನೋಡಿದವರು ಯಾರು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಅಲ್ಲಿ ಹೆಬ್ಬೆರಳು ಹಾಕಬಾರದು, ನೋಡಿದವರು ಒಂದಾದರೂ ಪ್ರಶ್ನೆ ಬರೆಯಬೇಕು ಅಂತ ಮಾಡಿಕೊಂಡಿದ್ದೇವೆ. ಡಿಪ್ಲೊಮಾ ಮುಗಿಸಿ ಈಚೆಗೆ ಸೇರಿದ ಹೊಳಲ್ಕೆರೆಯ ಹುಡುಗಿ ಮೊದಲ ದಿನವೇ ನನ್ನ ಶೀಟಿಗೆ ಮೂರು ಪ್ರಶ್ನೆ ಬರೆದಳು. ಎರಡಕ್ಕೆ ತಕ್ಷಣ ಉತ್ತರ ಇತ್ತು. ಮೂರನೆಯದಕ್ಕೆ, ಒಂದು ಮೋರಿಯ ಅಗಲದ ಬಗ್ಗೆ, ನಾವಿಬ್ಬರೂ ಟೇಪ್ ತೆಗೆದುಕೊಂಡು ಸೈಟಿಗೇ ಹೋಗಬೇಕಾಯಿತು.